ಪ್ಲಾಸ್ಟಿಕ್ ಸರ್ಜನ್ ಆಯ್ಕೆ: ರಿಪ್ಪನ್‌ಪೇಟೆ ಸೀಮೆಯ ರೋಗಿಯ ನೆಲೆಯಿಂದ ಒಂದು ಪರಿಶೀಲನೆ

ಪ್ಲಾಸ್ಟಿಕ್ ಸರ್ಜರಿ ಎಂದರೆ ತಾರೆಯರ ಮೂಗು, ತುಟಿ ತಿದ್ದುವ ಕೆಲಸ ಎಂಬ ಭಾವನೆ ಬಲವಾಗಿದೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ, ಅದರ ಆಚೀಚೆಯ ಸಾಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಈ ವೈದ್ಯಶಾಖೆಯ ಅಗತ್ಯ ಬೀಳುವುದು ಬೇರೆಯೇ ಕಾರಣಗಳಿಗೆ. ಅಡಿಕೆ ಬೇಯಿಸುವ ಹಂಡೆಯ ಕುದಿನೀರು ಮೈಮೇಲೆ ಚೆಲ್ಲುತ್ತದೆ. ಸುಲಿಯುವ ಯಂತ್ರಕ್ಕೆ ಬೆರಳು ಸಿಕ್ಕಿಕೊಳ್ಳುತ್ತದೆ. ಸೀಳುತುಟಿಯ ಮಗು ಹುಟ್ಟುತ್ತದೆ. ಮಳೆಗಾಲದ ರಸ್ತೆಯಲ್ಲಿ ಬೈಕು ಜಾರಿ ಮುಖದ ಚರ್ಮ ಕಿತ್ತುಬರುತ್ತದೆ. ಜೊತೆಗೆ ಈಗ ಕೂದಲು ಕಸಿ, ಕೊಬ್ಬು ತೆಗೆಯುವ ಚಿಕಿತ್ಸೆಗಳ ಜಾಹೀರಾತುಗಳೂ ಮೊಬೈಲಿನಲ್ಲಿ ಬರುತ್ತಿವೆ. ಸರ್ಜನ್ ಇರುವುದು ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನಲ್ಲಿ. ರೋಗಿ ಇರುವುದು ಇಲ್ಲಿ. ಊರಿನ ವೈದ್ಯರನ್ನು ಹತ್ತಾರು ವರ್ಷ ನೋಡಿ ನಂಬಿದ ಬಗೆಯಲ್ಲಿ ಈ ದೂರದ ವೈದ್ಯರನ್ನು ನಂಬುವಂತಿಲ್ಲ. ಹಾಗಾಗಿ ನಂಬಿಕೆಗೆ ಪರಿಶೀಲಿಸಬಹುದಾದ ಆಧಾರ ಬೇಕು. ಆ ಆಧಾರ ವೈದ್ಯರ ಹೆಸರಿನ ಜೊತೆಗೆ ಶಸ್ತ್ರಚಿಕಿತ್ಸೆ ನಡೆಯುವ ಜಾಗವನ್ನೂ, ಆಮೇಲಿನ ಆರೈಕೆಯನ್ನೂ ಒಳಗೊಳ್ಳಬೇಕು ಎಂಬುದು ಈ ಲೇಖನದ ವಾದ.

ಈ ವಿದ್ಯೆಯ ಚರಿತ್ರೆಯಲ್ಲಿ ಮೈಸೂರು ಯುದ್ಧಕ್ಕೂ ಒಂದು ಪಾಲಿದೆ. ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ದೇಶೀ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಇದರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಪ್ರಕಟವಾಯಿತು; 1814ರಲ್ಲಿ ಜೋಸೆಫ್ ಕಾರ್ಪ್ಯೂ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿದ. ಅಂಥ ವೈದ್ಯನಿಗೆ ಪದವಿಪತ್ರ ಇದ್ದಿರಲಾರದು. ಆದರೆ ಅವನು ಕಟ್ಟಿದ ಮೂಗು ಊರವರ ಕಣ್ಣೆದುರೇ ವರ್ಷಗಟ್ಟಲೆ ಓಡಾಡುತ್ತಿತ್ತು. ಇಂದಿನ 'ಮೊದಲು–ನಂತರ' ಚಿತ್ರಗಳು ಒಂದು ಕ್ಷಣವನ್ನಷ್ಟೇ ತೋರಿಸುತ್ತವೆ. ಎರಡು ವರ್ಷದ ಮೇಲೆ ಆ ಕಲೆ ಏನಾಯಿತು, ಸರಿಹೋಗದ ರೋಗಿಗಳೆಷ್ಟು ಎಂಬುದು ಅವುಗಳಲ್ಲಿ ಇಲ್ಲ. ಚಿತ್ರ ನೋಡಿ ವೈದ್ಯರನ್ನು ಆರಿಸುವುದನ್ನು ನಾನು ಒಪ್ಪಲಾರೆ.

ಅರ್ಹತೆಯ ವಿಷಯ ಸ್ಪಷ್ಟವಾಗಿಯೇ ಇದೆ. ಎಂಬಿಬಿಎಸ್ ಮತ್ತು ಇಂಟರ್ನ್‌ಷಿಪ್‌ಗೆ ಐದೂವರೆ ವರ್ಷ, ಜನರಲ್ ಸರ್ಜರಿಯಲ್ಲಿ ಎಂಎಸ್‌ಗೆ 3 ವರ್ಷ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್‌ಗೆ ಮತ್ತೆ 3 ವರ್ಷ. ಡಿಎನ್‌ಬಿ ಮಾರ್ಗವೂ ಇದಕ್ಕೆ ಸಮಾನ. 'ಕಾಸ್ಮೆಟಿಕ್ ಸರ್ಜನ್' ಎಂಬ ಫಲಕ ಈ ಪದವಿಗೆ ಸಾಟಿಯಲ್ಲ, ವಾರಾಂತ್ಯದ ತರಬೇತಿಯ ಪ್ರಮಾಣಪತ್ರವೂ ಅಲ್ಲ. ವಿಶೇಷ ಅರ್ಹತೆ ಇಲ್ಲದ ಶಾಖೆಯಲ್ಲಿ ತಾನು ತಜ್ಞನೆಂದು ಹೇಳಿಕೊಳ್ಳುವುದನ್ನು 2002ರ ವೈದ್ಯಕೀಯ ನೀತಿ ನಿಯಮಾವಳಿಯೇ ನಿಷೇಧಿಸಿದೆ. ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲೂ ಔಷಧಿ ಚೀಟಿಯಲ್ಲೂ ತೋರಿಸಬೇಕೆಂದು ಅದು ಹೇಳುತ್ತದೆ. ಆ ಸಂಖ್ಯೆ ಸಿಕ್ಕರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು. ದವಡೆಯ ಮುರಿತ, ಸೀಳುತುಟಿಗಳ ಶಸ್ತ್ರಚಿಕಿತ್ಸೆಯನ್ನು ಎಂಡಿಎಸ್ ಪಡೆದ ಬಾಯಿ–ಮುಖ ಶಸ್ತ್ರತಜ್ಞರೂ ಮಾಡುತ್ತಾರೆ. ಅದು ಅವರ ಅಧಿಕೃತ ಕ್ಷೇತ್ರವೇ. ಕೂದಲು ಕಸಿಯ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಆಗದು ಎಂದು ಎಚ್ಚರಿಸಬೇಕಾಯಿತು. ಸರ್ಕಾರಿ ಕಾಗದದಲ್ಲಿ ಇಂಥ ಮಾತು ಬರಬೇಕಾದರೆ ಪರಿಸ್ಥಿತಿ ಎಷ್ಟು ಹದಗೆಟ್ಟಿರಬೇಕು!

ಅರ್ಹ ವೈದ್ಯರೂ ಸೌಲಭ್ಯವಿಲ್ಲದ ಜಾಗದಲ್ಲಿ ಅಸಹಾಯಕರು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದರು. ಸ್ಥಿತಿ ಬಿಗಡಾಯಿಸಿದಾಗ ಅವರನ್ನು ಬೇರೆ ಆಸ್ಪತ್ರೆಗೆ ಸಾಗಿಸಲಾಯಿತು, ಜೀವ ಉಳಿಯಲಿಲ್ಲ. ಅಗತ್ಯ ಸೌಲಭ್ಯ ಇರಲಿಲ್ಲ ಎಂಬುದು ಹೆತ್ತವರ ದೂರು. ಶಸ್ತ್ರಚಿಕಿತ್ಸೆ ನಡೆಸಿದ ಆ ಚಿಕಿತ್ಸಾಲಯ ಪರವಾನಗಿ ಪಡೆದಿದ್ದುದು ಪಾಲಿಕ್ಲಿನಿಕ್ ಮತ್ತು ಡಿಸ್ಪೆನ್ಸರಿಗೆ ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ (ಕೆಪಿಎಂಇ) 2007ರಿಂದಲೇ ಇದೆ. ಕೆಪಿಎಂಇ ನೋಂದಣಿ ಪತ್ರ ಎಲ್ಲರಿಗೂ ಕಾಣುವಂತಿರಬೇಕು. ಆದರೆ ರೋಗಿ ಅದನ್ನು ಓದುವಾಗ ಸಂಖ್ಯೆಗಿಂತ ಮುಖ್ಯವಾಗಿ ನೋಡಬೇಕಾದದ್ದು, ಯಾವ ಬಗೆಯ ಸಂಸ್ಥೆಯೆಂದು ನೋಂದಣಿಯಾಗಿದೆ ಎಂಬುದನ್ನು. ಅರಿವಳಿಕೆ ತಜ್ಞರು ಯಾರು, ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ, ರಾತ್ರಿ ಯಾರು ಇರುತ್ತಾರೆ ಎಂದೂ ಕೇಳಬೇಕು. ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ಕೊಬ್ಬು ತೆಗೆಯುವುದು ಅಪಾಯದ ಕೆಲಸವೆಂದು ವೈದ್ಯಲೋಕವೇ ಪರಿಗಣಿಸಿದೆ. 'ಬೆಳಿಗ್ಗೆ ಬಂದು ಸಂಜೆ ಹೋಗಿ' ಎಂಬ ಆಶ್ವಾಸನೆ ಅದಕ್ಕೆ ಹೊಂದದು.

ಒಪ್ಪಿಗೆ ಪತ್ರಕ್ಕೂ ಇಷ್ಟೇ ತೂಕವಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ಇದು: ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಮತ್ತೊಂದಕ್ಕೆ ಸಲ್ಲದು. ಓದಲಾಗದ ಇಂಗ್ಲಿಷ್ ಪತ್ರಕ್ಕೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಸಹಿ ಹಾಕಿಸಿಕೊಂಡರೆ ಈ ತೀರ್ಪಿನ ಆಶಯ ಸತ್ತಂತೆ. ಕನ್ನಡದಲ್ಲಿ ವಿವರಿಸಲು ಬೇಸರಿಸದ, 'ಇದು ನಿಮಗೆ ಬೇಡ' ಎಂದು ಹೇಳಬಲ್ಲ ಸರ್ಜನ್ ನಂಬಿಕೆಗೆ ಅರ್ಹರು.

ಇನ್ನು ದೂರದ ಪ್ರಶ್ನೆ. ಬೆರಳು ತುಂಡಾದವರಿಗೆ ವೈದ್ಯರನ್ನು ಹುಡುಕುವ ವ್ಯವಧಾನವಿಲ್ಲ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಬೇಕು. ಬೆರಳಿಗೆ ಐಸ್ ನೇರವಾಗಿ ತಾಗಕೂಡದು. ಹೊರಡುವ ಮೊದಲೇ ಫೋನ್ ಮಾಡಿ, ಸೂಕ್ಷ್ಮ ರಕ್ತನಾಳ ಜೋಡಿಸುವ ತಂಡ ಆ ಹೊತ್ತಿಗೆ ಸಿದ್ಧವಿದೆಯೇ ಎಂದು ವಿಚಾರಿಸದಿದ್ದರೆ ಮಣಿಪಾಲಕ್ಕೆಂದು ಘಾಟಿ ಇಳಿದದ್ದೂ ವ್ಯರ್ಥವಾದೀತು. ಸುಟ್ಟಗಾಯದ ಲೆಕ್ಕ ಬೇರೆ. ಚರ್ಮ ಕಸಿ ಮಾಡಿದ ಮೇಲೂ ತಿಂಗಳುಗಟ್ಟಲೆ ಗಾಯದ ಕಲೆ ಬಿಗಿಯುತ್ತ ಹೋಗುತ್ತದೆ. ಕೀಲು ಮಡಚಿಕೊಳ್ಳದಂತೆ ಪಟ್ಟಿ, ವ್ಯಾಯಾಮ, ಬೆಳೆಯುವ ಮಕ್ಕಳಾದರೆ ಮತ್ತೊಂದು ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರದಂಥ ಕಡೆ ಜೀವ ಉಳಿಸಿಕೊಂಡು ಬಂದ ಕೂಲಿಕಾರ್ಮಿಕರು ಆಮೇಲಿನ ಭೇಟಿಗಳಿಗೆ ಬಸ್ಸಿನ ಖರ್ಚು ಹೊಂದಿಸಲಾಗದೆ ನಿಂತರೆ, ಕೈ ಮಡಚಿದಂತೆಯೇ ಉಳಿಯುತ್ತದೆ. ಆದ್ದರಿಂದ ಮುಂದಿನ ತಪಾಸಣೆಗಳನ್ನು ಶಿವಮೊಗ್ಗದಲ್ಲೇ ಯಾರು ನೋಡುತ್ತಾರೆ ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕು.

ಈ ವಿಚಾರಣೆಗಳ ಭಾರವನ್ನೆಲ್ಲ ನೋವಿನಲ್ಲಿರುವ ಕುಟುಂಬದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದಾಗಿ ರೆಫರಲ್ ಚೀಟಿ ನಮ್ಮ ಜನರಿಗೆ ಪರಿಚಿತ. ರಿಪ್ಪನ್‌ಪೇಟೆ, ಹೊಸನಗರ, ಸಾಗರ, ತೀರ್ಥಹಳ್ಳಿಗಳ ವೈದ್ಯರು ಆ ಚೀಟಿಯಲ್ಲಿ 'ಹೆಚ್ಚಿನ ಚಿಕಿತ್ಸೆಗೆ' ಎಂದಷ್ಟೇ ಬರೆದು ಕಳಿಸದೆ, ಯಾವ ಪದವಿಯ ಯಾವ ತಜ್ಞರು ಬೇಕು, ಎಷ್ಟು ಗಂಟೆಯೊಳಗೆ ತಲುಪಬೇಕು, ಮರಳಿದ ಮೇಲೆ ಯಾರನ್ನು ಕಾಣಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲಿ ಎಂದು ಕೋರುತ್ತೇನೆ.