ಬೆಸುಗೆಯನ್ನು ಕಾಯುವ ಪುಡಿ: ಸ್ರಾವಕದ ಆಯ್ಕೆ ನಡೆದು ಬಂದ ದಾರಿ

ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯ ಮೇಲಿರುವ ಕೆರೂರ ಭೂವಿಜ್ಞಾನಿಗಳಿಗೆ ಪರಿಚಿತ ಹೆಸರು. ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಮರಳುಗಲ್ಲು ಅವರ ವರ್ಗೀಕರಣದಲ್ಲಿ ಕೆರೂರ ಶಿಲಾಸ್ತರಕ್ಕೆ ಸೇರುತ್ತದೆ. ಈ ಕಲ್ಲಿನ ಬಹುಪಾಲು ಸಿಲಿಕಾ. ಕೆರೂರಿನಿಂದ ಲೋಕಾಪುರದ ಕಡೆ ಹೋದರೆ ಸುಣ್ಣಕಲ್ಲು, ಡಾಲಮೈಟ್‌ಗಳು ಸಿಗುತ್ತವೆ. ಇವುಗಳನ್ನು ಸುಟ್ಟರೆ ಉಳಿಯುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆಕ್ಸೈಡ್‌ಗಳು. ಸಿಲಿಕಾ ಆಮ್ಲೀಯ, ಈ ಆಕ್ಸೈಡ್‌ಗಳು ಪ್ರತ್ಯಾಮ್ಲೀಯ. ಉಕ್ಕನ್ನು ಬೆಸೆಯುವಾಗ ಬಳಸುವ ಸ್ರಾವಕದ, ಅಂದರೆ ಫ್ಲಕ್ಸ್‌ನ, ಚರಿತ್ರೆಯನ್ನು ಈ ಎರಡು ಗುಣಗಳ ನಡುವಿನ ಜಗ್ಗಾಟವೆಂದೇ ಹೇಳಬಹುದು.

ಸ್ರಾವಕ ನಮಗೆ ಹೊಸತಲ್ಲ. ಬೆಸುಗೆ ಹಾಕುವ ಮುನ್ನ ಅಕ್ಕಸಾಲಿಗರು ಬಿಳಿಗಾರ ಸವರುತ್ತಾರೆ. ಅದು ಕರಗಿ ಲೋಹದ ಮೇಲಿನ ಆಕ್ಸೈಡನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಗಾಳಿ ತಾಗದಂತೆಯೂ ತಡೆಯುತ್ತದೆ. ಉಕ್ಕಿನ ಬೆಸುಗೆಯಲ್ಲಿ ಇದೇ ಕೆಲಸ ಇನ್ನೂ ಹೆಚ್ಚಿನ ತಾಪದಲ್ಲಿ ನಡೆಯಬೇಕು.

ಪುಡಿಯೊಳಗೆ ಹುದುಗಿದ ಚಾಪ

ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ಗಮನಿಸಿ. ಅದರ ನಡುವೆ ಸುತ್ತಲೂ ಒಂದೇ ಸಮನಾದ ಬೆಸುಗೆಯ ಪಟ್ಟಿ ಕಾಣುತ್ತದೆ. ಇಂಥ ಪಟ್ಟಿಯನ್ನು ಸಾಮಾನ್ಯವಾಗಿ ಸಬ್‌ಮರ್ಜ್ಡ್ ಆರ್ಕ್ ವಿಧಾನದಿಂದ ಹಾಕುತ್ತಾರೆ. ಸಂದಿನ ಮೇಲೆ ಕಾಳುಕಾಳಾದ ಸ್ರಾವಕದ ಪುಡಿಯನ್ನು ಸುರಿಯುತ್ತಾರೆ. ಯಂತ್ರವು ತಂತಿಯನ್ನು ಪುಡಿಯೊಳಗೆ ಇಳಿಸುತ್ತಾ ಹೋಗುತ್ತದೆ. ವಿದ್ಯುತ್ ಚಾಪ ಒಳಗೇ ಉರಿಯುವುದರಿಂದ ಕಣ್ಣು ಕುಕ್ಕುವ ಬೆಳಕಿಲ್ಲ, ಕಿಡಿಯಿಲ್ಲ. ಚಾಪದ ಬಳಿಯ ಪುಡಿ ಕರಗಿ ಕಿಟ್ಟವಾಗಿ ಬೆಸುಗೆಯನ್ನು ಹೊದ್ದುಕೊಳ್ಳುತ್ತದೆ. ಕರಗದೆ ಉಳಿದ ಪುಡಿಯನ್ನು ಹೀರಿಕೊಂಡು ಮತ್ತೆ ಬಳಸಬಹುದು.

ಈ ದಿಕ್ಕಿನಲ್ಲಿ ಅಮೆರಿಕದ ರಾಬಿನಾಫ್ 1930ರಲ್ಲಿ ಪೇಟೆಂಟ್ ಪಡೆದರು. ಜೋನ್ಸ್, ಕೆನಡಿ ಮತ್ತು ರೋಥರ್ಮುಂಡ್ ಪಡೆದ 1936ರ ಪೇಟೆಂಟ್ ಈ ವಿಧಾನಕ್ಕೆ ಗಟ್ಟಿ ನೆಲೆ ಒದಗಿಸಿತು. ಲಿಂಡೆ ಕಂಪನಿ ಅದನ್ನು 'ಯೂನಿಯನ್‌ಮೆಲ್ಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಯುದ್ಧಕಾಲದ ಪಾಠ

ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಯೆವ್ಗೆನಿ ಪಾಟನ್ ಕೀವ್‌ನಲ್ಲಿ 1934ರಲ್ಲಿ ಬೆಸುಗೆಯ ಸಂಸ್ಥೆಯೊಂದನ್ನು ಕಟ್ಟಿದ್ದರು. 1941ರಲ್ಲಿ ಯುದ್ಧದ ಕಾರಣ ಸಂಸ್ಥೆ ಯುರಾಲ್ ಪ್ರದೇಶದ ನಿಜ್ನಿ ತಗಿಲ್‌ಗೆ ಸ್ಥಳಾಂತರಗೊಂಡಿತು. ಅಲ್ಲಿ ಟಿ-34 ಟ್ಯಾಂಕ್‌ಗಳ ಕವಚವನ್ನು ಯಂತ್ರದಿಂದಲೇ ಬೆಸೆಯತೊಡಗಿದರು. ಆದರೆ ಸ್ರಾವಕಕ್ಕೆ ಕೊರತೆಯಾಯಿತು. ಆಗ ಅವರ ನೆರವಿಗೆ ಬಂದದ್ದು ಆಶಾ ಎಂಬ ಊರಿನ ಊದುಕುಲುಮೆಯ ಕಿಟ್ಟ. ಆ ಕುಲುಮೆಗೆ ಉರುವಲು ಕಲ್ಲಿದ್ದಲಿನ ಕೋಕ್ ಅಲ್ಲ, ಮರದ ಇದ್ದಿಲು. ಇದ್ದಿಲಿನಲ್ಲಿ ಗಂಧಕ ಅತ್ಯಲ್ಪ. ಹಾಗಾಗಿ ಆ ಕಿಟ್ಟದಲ್ಲೂ ಗಂಧಕ ಕಡಿಮೆ. ಬೆಸುಗೆಯೊಳಗೆ ಗಂಧಕ ಸೇರಿದರೆ ಲೋಹ ಗಟ್ಟಿಯಾಗುವಾಗಲೇ ಬಿರುಕು ಬಿಡುತ್ತದೆ. ನಮ್ಮ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಆರಂಭವಾದದ್ದೂ ಇದ್ದಿಲಿನ ಊದುಕುಲುಮೆಯಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಯುದ್ಧ ಇನ್ನೊಂದು ಪಾಠವನ್ನೂ ಕಲಿಸಿತು. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಶಾಂತ ನೀರಿನಲ್ಲಿ ನಿಂತಿದ್ದ 'ಸ್ಕೆನೆಕ್ಟಡಿ' ಎಂಬ ಬೆಸುಗೆಯ ಹಡಗು ಚಳಿಯಲ್ಲಿ ದೊಡ್ಡ ಸದ್ದಿನೊಂದಿಗೆ ಸೀಳಿತು. ಕಳಪೆ ಉಕ್ಕು, ವಿನ್ಯಾಸದ ಚೂಪು ಮೂಲೆಗಳು, ಬೆಸುಗೆಯ ದೋಷಗಳು ಎಲ್ಲವೂ ಇಂಥ ಅವಘಡಗಳಿಗೆ ಕಾರಣವಾಗಿದ್ದವು. ಸ್ರಾವಕವೊಂದನ್ನೇ ದೂರುವಂತಿಲ್ಲ. ಆದರೆ ಅಲ್ಲಿಂದ ಮುಂದೆ ಎಳೆತವನ್ನು ತಾಳಿದರೆ ಸಾಲದು, ತಣ್ಣನೆಯ ಹೊತ್ತಿನಲ್ಲಿ ಪೆಟ್ಟನ್ನೂ ತಾಳಬೇಕು ಎಂಬ ಅರಿವು ಬಂತು. ಗೀರು ಹಾಕಿದ ತುಂಡನ್ನು ಲೋಲಕದಿಂದ ಹೊಡೆದು ಮುರಿಯುವ ಚಾರ್ಪಿ ಪರೀಕ್ಷೆ ಮುಖ್ಯವಾಯಿತು.

ಆಮ್ಲಜನಕದ ಲೆಕ್ಕ

ಆಮ್ಲೀಯ ಸ್ರಾವಕಗಳನ್ನು ಕೆಲಸಗಾರರು ಮೆಚ್ಚಲು ಕಾರಣವಿದೆ. ಅವು ಹೆಚ್ಚಿನ ವಿದ್ಯುತ್ತನ್ನು, ವೇಗವನ್ನು ತಾಳುತ್ತವೆ. ತುಸು ತುಕ್ಕಿದ್ದರೂ ಸಹಿಸುತ್ತವೆ. ಕಿಟ್ಟ ಸಲೀಸಾಗಿ ಕಳಚಿ ನುಣುಪಾದ ಬೆಸುಗೆ ಹೊರಬರುತ್ತದೆ. ಆದರೆ ಚಾಪದ ತಾಪದಲ್ಲಿ ಸಿಲಿಕಾ ಕಬ್ಬಿಣದೊಂದಿಗೆ ವರ್ತಿಸಿ ಸಿಲಿಕಾನ್ ಮತ್ತು ಕಬ್ಬಿಣದ ಆಕ್ಸೈಡನ್ನು ಕೊಡುತ್ತದೆ. ಹೀಗೆ ಆಮ್ಲಜನಕ ಬೆಸುಗೆಯೊಳಗೆ ನುಸುಳಿ ಸಣ್ಣ ಸಣ್ಣ ಆಕ್ಸೈಡ್ ಕಣಗಳಾಗಿ ಉಳಿಯುತ್ತದೆ. ಕಣಗಳು ಹೆಚ್ಚಾದಷ್ಟೂ ಪೆಟ್ಟು ತಾಳುವ ಶಕ್ತಿ ಕುಗ್ಗುತ್ತದೆ.

ಇದನ್ನು ಸಂಖ್ಯೆಯಲ್ಲಿ ಹಿಡಿದಿಟ್ಟವರು ತುಲಿಯಾನಿ, ಬೊನಿಶೆವ್‌ಸ್ಕಿ ಮತ್ತು ಈಟನ್. ಅವರು 1969ರಲ್ಲಿ ಸೂಚಿಸಿದ ಪ್ರತ್ಯಾಮ್ಲ ಸೂಚ್ಯಂಕ ಸರಳವಾದ ಭಾಗಾಕಾರ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಆಕ್ಸೈಡ್‌ಗಳು, ಕ್ಯಾಲ್ಸಿಯಂ ಫ್ಲೋರೈಡ್ ಮತ್ತು ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್‌ಗಳ ಅರ್ಧ ಭಾಗ ಮೇಲೆ. ಸಿಲಿಕಾ ಮತ್ತು ಅಲ್ಯೂಮಿನಾ, ಟೈಟಾನಿಯಾ, ಜಿರ್ಕೋನಿಯಾಗಳ ಅರ್ಧ ಭಾಗ ಕೆಳಗೆ.

ಉದಾಹರಣೆಗೆ ಸೋವಿಯತ್ ಎಎನ್-348 ಬಗೆಯ ಸ್ರಾವಕವನ್ನು ನೋಡಿ. ಶೇಕಡಾವಾರು ಸಿಲಿಕಾ ಸುಮಾರು 42, ಮ್ಯಾಂಗನೀಸ್ ಆಕ್ಸೈಡ್ 37, ಕ್ಯಾಲ್ಸಿಯಂ ಆಕ್ಸೈಡ್ 6, ಮೆಗ್ನೀಸಿಯಂ ಆಕ್ಸೈಡ್ 6, ಫ್ಲೋರೈಡ್ 5, ಅಲ್ಯೂಮಿನಾ 4 ಎಂದಿಟ್ಟುಕೊಂಡರೆ 35.5 ಅನ್ನು 44ರಿಂದ ಭಾಗಿಸಬೇಕು. ಉತ್ತರ 0.8. ಒಂದಕ್ಕಿಂತ ಕಡಿಮೆ ಇರುವುದರಿಂದ ಇದು ಆಮ್ಲೀಯ. ಇನ್ನೊಂದು ಮಾದರಿಯಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆಕ್ಸೈಡ್ ಒಟ್ಟು 40, ಫ್ಲೋರೈಡ್ 25, ಸಿಲಿಕಾ 15, ಅಲ್ಯೂಮಿನಾ 20 ಇರಲಿ. ಸೂಚ್ಯಂಕ 2.6 ಆಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಆಮ್ಲೀಯ ಸ್ರಾವಕದ ಬೆಸುಗೆಯಲ್ಲಿ ಆಮ್ಲಜನಕ ಶೇಕಡಾ 0.06ನ್ನು ಮೀರಬಹುದು, ಹೆಚ್ಚು ಪ್ರತ್ಯಾಮ್ಲೀಯವಾದದ್ದರಲ್ಲಿ 0.03ರ ಆಸುಪಾಸಿಗೆ ಇಳಿಯುತ್ತದೆ. ಹಾಗೆಂದು ಆಮ್ಲಜನಕ ತೀರ ಇಲ್ಲವಾಗುವುದೂ ಬೇಡ. ಉಕ್ಕಿನ ಹರಳುಗಳು ಸೂಕ್ಷ್ಮವಾಗಿ ಹೆಣೆದುಕೊಳ್ಳಲು ಕೆಲವು ಆಕ್ಸೈಡ್ ಕಣಗಳು ಬೀಜಗಳಂತೆ ನೆರವಾಗುತ್ತವೆ.

ಆಯ್ಕೆಯ ಹೊಣೆ

ಹಾಗಾದರೆ ಪ್ರತ್ಯಾಮ್ಲೀಯ ಸ್ರಾವಕವೇ ಸದಾ ಉತ್ತಮವೇ? ಅಲ್ಲ. ಅದರ ಕಿಟ್ಟ ಅಷ್ಟು ಸುಲಭವಾಗಿ ಕಳಚದು, ಕೆಲಸದ ವೇಗವೂ ಕಡಿಮೆ. ಪುಡಿಯನ್ನು ಅಂಟಿನಿಂದ ಕಾಳುಗಟ್ಟಿಸಿದ ಬಗೆಯದಾದರೆ ತೇವವನ್ನೂ ಹೀರುತ್ತದೆ. ತೇವದಿಂದ ಬರುವ ಹೈಡ್ರೋಜನ್ ಬೆಸುಗೆ ತಣ್ಣಗಾದ ಮೇಲೆ, ಕೆಲವೊಮ್ಮೆ ಗಂಟೆಗಳು ಕಳೆದ ಮೇಲೆ, ಬಿರುಕನ್ನು ಉಂಟುಮಾಡುತ್ತದೆ. ಅದಕ್ಕಾಗಿ ಇಂಥ ಪುಡಿಯನ್ನು ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 300–350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಣಗಿಸಬೇಕು.

ತೆಳು ಹಲಗೆಗೆ, ಒಂದೇ ಸುತ್ತಿನ ಬೆಸುಗೆಗೆ ಆಮ್ಲೀಯ ಅಥವಾ ತಟಸ್ಥ ಸ್ರಾವಕ ಸಾಕಾಗಬಹುದು. ದಪ್ಪ ಹಲಗೆಯಲ್ಲಿ ಪದರದ ಮೇಲೆ ಪದರ ಹಾಕುವಾಗ ಸಿಲಿಕಾನ್, ಮ್ಯಾಂಗನೀಸ್‌ಗಳನ್ನು ಹೆಚ್ಚಾಗಿ ಕೊಡುವ ಸ್ರಾವಕ ಸಲ್ಲದು. ಅವು ಪದರದಿಂದ ಪದರಕ್ಕೆ ಏರುತ್ತಾ ಲೋಹವನ್ನು ಬಿರುಸಾಗಿಸುತ್ತವೆ. ಜೊತೆಗೆ ತಂತಿಯನ್ನು ಬಿಟ್ಟು ಸ್ರಾವಕವನ್ನಷ್ಟೇ ಆರಿಸಲಾಗದು. ಭಾರತೀಯ ಮಾನಕ ಐಎಸ್ 3613 ಕೂಡ ತಂತಿ ಮತ್ತು ಸ್ರಾವಕವನ್ನು ಜೋಡಿಯಾಗಿಯೇ ಪರೀಕ್ಷಿಸುತ್ತದೆ.

ಅಣೆಕಟ್ಟಿನ ಬಾಗಿಲು, ಜಲವಿದ್ಯುತ್ ಕೇಂದ್ರದ ಕೊಳವೆ, ಬಾಯ್ಲರು ಇವೆಲ್ಲ ದಪ್ಪ ಉಕ್ಕಿನ ಉದ್ದುದ್ದ ಬೆಸುಗೆಗಳನ್ನು ಬೇಡುವ ರಚನೆಗಳು. ಇಂಥ ಕಡೆ ಬೆಸುಗೆ ಸೀಳಿದರೆ ತೊಂದರೆಗೀಡಾಗುವವರು ಕೆಳಗೆ ವಾಸಿಸುವ ಜನ. ಮೇಲ್ಮೈಯ ನುಣುಪು ಒಳಗಿನ ಆಮ್ಲಜನಕವನ್ನು ತೋರಿಸದು. ಅದನ್ನು ತಿಳಿಯಲು ಪರೀಕ್ಷೆಯೇ ಬೇಕು.

ಅಧ್ಯಾಪಕರು ತರಗತಿಯಲ್ಲಿ ಮರಳುಗಲ್ಲು ಮತ್ತು ಸುಣ್ಣಕಲ್ಲಿನ ಚೂರುಗಳ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ತೋರಿಸಬಹುದು. ಸುಣ್ಣಕಲ್ಲು ನೊರೆಯುಕ್ಕಿಸುತ್ತದೆ, ಶುದ್ಧ ಮರಳುಗಲ್ಲು ಸುಮ್ಮನಿರುತ್ತದೆ. ಈ ಎರಡನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕೆಂಬ ಪ್ರಶ್ನೆಯಿಂದಲೇ ಸ್ರಾವಕದ ಪಾಠವನ್ನು ಆರಂಭಿಸಬಹುದು.