ಆಪರೇಟಿಂಗ್ ಸಿಸ್ಟಂ ಉನ್ನತೀಕರಣ ಮತ್ತು ಗಣಕಯಂತ್ರದ ಧ್ವನಿ ಗುಣಮಟ್ಟ

ಪೀಠಿಕೆ

ಬೇಲೂರು ಕೈಗಾರಿಕಾ ಪ್ರದೇಶವು ಧಾರವಾಡದಿಂದ ಬೆಳಗಾವಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿದೆ. ಇಂದಿನ ಕೈಗಾರಿಕಾ ಘಟಕಗಳಲ್ಲಿ ಗಣಕಯಂತ್ರದ ಧ್ವನಿ ವ್ಯವಸ್ಥೆಯು ವಿಡಿಯೋ ಸಭೆ, ಕಾರ್ಮಿಕರ ಸುರಕ್ಷತಾ ತರಬೇತಿ, ಯಂತ್ರದ ಸದ್ದನ್ನು ಮುದ್ರಿಸಿ ದೂರದ ತಜ್ಞರಿಗೆ ಕಳುಹಿಸುವುದು ಮುಂತಾದ ಕೆಲಸಗಳಿಗೆ ಬಳಕೆಯಾಗುತ್ತದೆ. ಧಾರವಾಡವು ಹಿಂದೂಸ್ತಾನಿ ಸಂಗೀತದ ನೆಲೆಯೂ ಹೌದು. ಇಲ್ಲಿ ಅದೇ ಬಗೆಯ ಗಣಕಯಂತ್ರಗಳು ಸಂಗೀತ ಪಾಠಕ್ಕೂ ಹಳೆಯ ಧ್ವನಿಸುರುಳಿಗಳ ಸಂರಕ್ಷಣೆಗೂ ನೆರವಾಗುತ್ತಿವೆ.

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಸುರಕ್ಷತೆಯ ದೃಷ್ಟಿಯಿಂದ ಉನ್ನತೀಕರಣವು ಅವಶ್ಯಕವಾಗಿದೆ. ಆದರೆ ಉನ್ನತೀಕರಣದ ನಂತರ ಧ್ವನಿಯು ತೆಳುವಾಗಿದೆ, ಏರಿಳಿಯುತ್ತಿದೆ ಅಥವಾ ಮೊದಲಿನಂತಿಲ್ಲ ಎಂಬ ಅನುಭವ ಬಳಕೆದಾರರಿಗೆ ಆಗುವುದುಂಟು. ಇದರ ಕಾರಣಗಳನ್ನೂ ಅನುಸರಿಸಬೇಕಾದ ಕ್ರಮಗಳನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಮೂಲ ತತ್ವ

ಆಪರೇಟಿಂಗ್ ಸಿಸ್ಟಂ ಬದಲಾದ ಮಾತ್ರಕ್ಕೆ ಗಣಕಯಂತ್ರದಲ್ಲಿರುವ ಧ್ವನಿಕಡತವು ಬದಲಾಗುವುದಿಲ್ಲ. ಬದಲಾಗುವುದು ಕಡತದಿಂದ ಧ್ವನಿವರ್ಧಕದವರೆಗೆ ಹಾಗೂ ಮೈಕ್ರೋಫೋನಿನಿಂದ ಕಡತದವರೆಗೆ ಧ್ವನಿಯು ಸಾಗುವ ಮಾರ್ಗ ಮಾತ್ರ. ಆದ್ದರಿಂದ ಕೇಳುವಾಗ ಉಂಟಾಗುವ ದೋಷವನ್ನು ಯಾವಾಗ ಬೇಕಾದರೂ ಸರಿಪಡಿಸಬಹುದು. ಆದರೆ ದೋಷಯುಕ್ತ ಮಾರ್ಗದಲ್ಲಿ ಧ್ವನಿಮುದ್ರಣ ಮಾಡಿದಲ್ಲಿ ಆ ದೋಷವು ಕಡತದಲ್ಲಿಯೇ ಉಳಿಯುತ್ತದೆ. ಈ ವ್ಯತ್ಯಾಸವನ್ನು ಬಳಕೆದಾರರು ಮುಖ್ಯವಾಗಿ ಗಮನಿಸಬೇಕು.

2. ಉನ್ನತೀಕರಣದಿಂದ ಬದಲಾಗುವ ಅಂಶಗಳು

ಅ) ಚಾಲಕ ತಂತ್ರಾಂಶ: ಗಣಕಯಂತ್ರದ ಧ್ವನಿ ಯಂತ್ರಾಂಶವನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಉನ್ನತೀಕರಣದ ವೇಳೆ ತಯಾರಕರು ನೀಡಿದ ಡ್ರೈವರಿನ ಸ್ಥಾನದಲ್ಲಿ ಎಲ್ಲ ಯಂತ್ರಗಳಿಗೂ ಅನ್ವಯವಾಗುವ ಸಾಮಾನ್ಯ ಡ್ರೈವರ್ ಬಂದು ಕೂರಬಹುದು. ಲ್ಯಾಪ್‌ಟಾಪಿನ ಚಿಕ್ಕ ಧ್ವನಿವರ್ಧಕಗಳ ಕೊರತೆಯನ್ನು ತುಂಬಲು ತಯಾರಕರು ಮಾಡಿರುವ ಹೊಂದಾಣಿಕೆಗಳು ಆಗ ಇಲ್ಲವಾಗಿ, ಧ್ವನಿಯು ತೆಳುವಾಗಿ ಕೇಳಿಸುತ್ತದೆ. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿ ಇಲ್ಲದಿರುವುದರಿಂದ 32-ಬಿಟ್ ಡ್ರೈವರ್ ಮಾತ್ರ ಹೊಂದಿರುವ ಹಳೆಯ ಧ್ವನಿ ಉಪಕರಣಗಳು ಅದರಲ್ಲಿ ಕಾರ್ಯ ನಿರ್ವಹಿಸುವುದಿಲ್ಲ.

ಆ) ಸ್ಯಾಂಪ್ಲಿಂಗ್ ದರ: ಗಣಕಯಂತ್ರವು ಧ್ವನಿಯನ್ನು ಪ್ರತಿ ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಸಂಗ್ರಹಿಸುತ್ತದೆ. ಸಿ.ಡಿ.ಯಲ್ಲಿ ಈ ಸಂಖ್ಯೆ 44,100. ವಿಡಿಯೋ ಕಡತಗಳಲ್ಲಿ ಸಾಮಾನ್ಯವಾಗಿ 48,000. ಹಲವು ತಂತ್ರಾಂಶಗಳ ಧ್ವನಿಗಳನ್ನು ಒಟ್ಟಿಗೆ ಕೇಳಿಸಬೇಕಾದಾಗ ಆಪರೇಟಿಂಗ್ ಸಿಸ್ಟಂ ಅವೆಲ್ಲವನ್ನೂ ಒಂದೇ ದರಕ್ಕೆ ಪರಿವರ್ತಿಸುತ್ತದೆ. ಈ ಪರಿವರ್ತನೆಯು ಉತ್ತಮವಾಗಿದ್ದಲ್ಲಿ ಕಿವಿಗೆ ವ್ಯತ್ಯಾಸ ತಿಳಿಯದು. ಅದು ಕಳಪೆಯಾಗಿದ್ದಲ್ಲಿ ಮೂಲದಲ್ಲಿ ಇಲ್ಲದ ಸ್ವರಗಳು ಸೇರಿಕೊಳ್ಳುತ್ತವೆ.

ಇ) ಧ್ವನಿ ಸಂಸ್ಕರಣೆ: ದನಿಯ ಏರಿಳಿತವನ್ನು ಸಮಗೊಳಿಸುವುದು, ಹಿನ್ನೆಲೆಯ ಗದ್ದಲವನ್ನು ಅಡಗಿಸುವುದು, ಪ್ರತಿಧ್ವನಿಯನ್ನು ತೆಗೆಯುವುದು ಮುಂತಾದ ಸೌಲಭ್ಯಗಳು ಉನ್ನತೀಕರಣದ ನಂತರ ತಾವಾಗಿಯೇ ಚಾಲನೆಗೊಂಡಿರಬಹುದು. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ, ಕರೆಯೊಂದು ಆರಂಭವಾದೊಡನೆ ಇತರ ಧ್ವನಿಗಳನ್ನು ಶೇಕಡಾ 80ರಷ್ಟು ತಗ್ಗಿಸುವ ಏರ್ಪಾಡನ್ನು ಸೇರಿಸಲಾಗಿತ್ತು. ಬಳಕೆದಾರರು ಬದಲಿಸದಿದ್ದಲ್ಲಿ ಅದೇ ಜಾರಿಯಲ್ಲಿರುತ್ತಿತ್ತು.

ಈ) ಬ್ಲೂಟೂತ್: ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ರೋಫೋನ್ ಬಳಕೆಗೆ ಬಂದಾಗ ಸಂಪರ್ಕವು ದೂರವಾಣಿ ಕರೆಯ ವಿಧಾನಕ್ಕೆ ತಿರುಗುತ್ತದೆ. ಆಗ ಎಡ-ಬಲ ಭೇದವಿಲ್ಲದ ಒಂದೇ ಧ್ವನಿವಾಹಿನಿ ಉಳಿದು, ಸೆಕೆಂಡಿಗೆ 8,000 ಅಥವಾ 16,000 ಅಳತೆಗಳು ಮಾತ್ರ ಸಾಗುತ್ತವೆ. ಉನ್ನತೀಕರಣದ ನಂತರ ಹೆಡ್‌ಸೆಟ್‌ನ ಮೈಕ್ರೋಫೋನೇ ಮುಖ್ಯ ಮೈಕ್ರೋಫೋನಾಗಿ ಆಯ್ಕೆಯಾಗಿದ್ದಲ್ಲಿ, ಕರೆಯ ಸಮಯದಲ್ಲಿ ಸಂಗೀತದ ಗುಣಮಟ್ಟವು ಒಮ್ಮೆಲೇ ಕುಸಿಯುವುದಕ್ಕೆ ಇದೇ ಕಾರಣ.

3. ಹಿಂದಿನ ಉನ್ನತೀಕರಣಗಳ ಅನುಭವ

ವಿಂಡೋಸ್ ಎಕ್ಸ್‌ಪಿಯಲ್ಲಿ ಧ್ವನಿಗಳನ್ನು ಬೆರೆಸುವ ಕಾರ್ಯವು ಆಪರೇಟಿಂಗ್ ಸಿಸ್ಟಂನ ತಿರುಳು ಭಾಗದಲ್ಲಿಯೇ ನಡೆಯುತ್ತಿತ್ತು. 2007ರ ಜನವರಿ 30ರಂದು ಸಾರ್ವಜನಿಕರಿಗೆ ಬಿಡುಗಡೆಯಾದ ವಿಂಡೋಸ್ ವಿಸ್ತಾದಲ್ಲಿ ಈ ವ್ಯವಸ್ಥೆಯನ್ನು ಹೊಸದಾಗಿ ರೂಪಿಸಿ, ಬೆರೆಸುವ ಕಾರ್ಯವನ್ನು ತಿರುಳಿನಿಂದ ಹೊರಗೆ ತರಲಾಯಿತು. ಪರಿಣಾಮವಾಗಿ, ಹಳೆಯ ಧ್ವನಿ ಕಾರ್ಡುಗಳು ಕೆಲವು ತಂತ್ರಾಂಶಗಳಿಗೆ ನೇರವಾಗಿ ಒದಗಿಸುತ್ತಿದ್ದ ವಿಶೇಷ ಧ್ವನಿ ಪರಿಣಾಮಗಳು ನಿಂತುಹೋದವು. ಇದರೊಂದಿಗೆ ಒಂದು ಅನುಕೂಲವೂ ದೊರೆಯಿತು. ಒಂದೇ ತಂತ್ರಾಂಶವು ಧ್ವನಿ ಉಪಕರಣವನ್ನು ಪೂರ್ಣವಾಗಿ ತನ್ನ ವಶಕ್ಕೆ ಪಡೆದು, ಬೆರಕೆಯಾಗಲಿ ದರ ಪರಿವರ್ತನೆಯಾಗಲಿ ಇಲ್ಲದೆ ಧ್ವನಿಯನ್ನು ಕಳುಹಿಸಬಲ್ಲ ‘ಎಕ್ಸ್‌ಕ್ಲೂಸಿವ್ ಮೋಡ್’ ಬಳಕೆಗೆ ಬಂದಿತು.

ಲಿನಕ್ಸ್ ಬಳಸುವವರಿಗೂ ಇಂತಹ ಬದಲಾವಣೆಗಳು ಎದುರಾಗಿವೆ. ಹಲವು ವರ್ಷ ಬಳಕೆಯಲ್ಲಿದ್ದ ಪಲ್ಸ್‌ಆಡಿಯೋ ವ್ಯವಸ್ಥೆಯ ಸ್ಥಾನಕ್ಕೆ 2021ರ ಫೆಡೋರಾ 34ರಲ್ಲಿಯೂ 2022ರ ಅಕ್ಟೋಬರ್‌ನ ಉಬುಂಟು 22.10ರಲ್ಲಿಯೂ ಪೈಪ್‌ವೈರ್ ವ್ಯವಸ್ಥೆಯನ್ನು ತರಲಾಯಿತು. ಮೊದಲನೆಯದರ ನಿಗದಿತ ದರ 44,100 ಆಗಿದ್ದರೆ ಎರಡನೆಯದರ ನಿಗದಿತ ದರ 48,000. ಬಳಕೆದಾರರು ಯಾವುದೇ ಆಯ್ಕೆಯನ್ನು ಬದಲಿಸದಿದ್ದರೂ ಧ್ವನಿಯ ಮಾರ್ಗ ಬದಲಾಗುವುದಕ್ಕೆ ಇದು ಸ್ಪಷ್ಟ ಉದಾಹರಣೆಯಾಗಿದೆ. ಆಪಲ್ ಗಣಕಯಂತ್ರಗಳಲ್ಲಿ 2019ರ ಮ್ಯಾಕ್‌ಒಎಸ್ ಕ್ಯಾಟಲಿನಾ ಆವೃತ್ತಿಯು 32-ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಿದ್ದರಿಂದ ಹಳೆಯ ಧ್ವನಿಮುದ್ರಣ ತಂತ್ರಾಂಶಗಳು ಅದರಲ್ಲಿ ತೆರೆಯದಾದವು.

4. ತಂಬೂರಿ ಮತ್ತು ಮೋಟಾರು: ಒಂದೇ ಸಮಸ್ಯೆ

ಗದ್ದಲ ಅಡಗಿಸುವ ತಂತ್ರಾಂಶಗಳನ್ನು ಮನುಷ್ಯನ ಮಾತನ್ನು ಸ್ಪಷ್ಟಗೊಳಿಸುವ ಸಲುವಾಗಿ ರೂಪಿಸಲಾಗಿದೆ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫ್ಯಾನಿನ ಸದ್ದು ಒಂದೇ ಸಮನೆ ಇರುತ್ತದೆ. ಆದ್ದರಿಂದ ಬದಲಾಗದೆ ಮುಂದುವರಿಯುವ ಧ್ವನಿಯನ್ನು ಇಂತಹ ತಂತ್ರಾಂಶವು ಗದ್ದಲವೆಂದು ಪರಿಗಣಿಸಿ ತೆಗೆದುಹಾಕುತ್ತದೆ.

ತಂಬೂರಿಯ ನಾದವು ಬದಲಾಗದೆ ಮುಂದುವರಿಯುವ ಧ್ವನಿಯೇ ಆಗಿದೆ. ಅಂತರ್ಜಾಲದ ಮೂಲಕ ಪಾಠ ಹೇಳುವ ಗುರುಗಳ ಬಳಿ ತಂಬೂರಿ ನುಡಿಯುತ್ತಿದ್ದರೂ, ದೂರದ ಶಿಷ್ಯರಿಗೆ ಅದು ಕೆಲವು ಕ್ಷಣಗಳಲ್ಲಿ ಕ್ಷೀಣಿಸಿ ಇಲ್ಲವಾಗಬಹುದು. ಷಡ್ಜದ ಮೇಲೆ ದೀರ್ಘವಾಗಿ ನಿಂತ ಕಂಠವೂ ನಡುವೆ ಕತ್ತರಿಸಿದಂತೆ ಕೇಳಿಸಬಹುದು. ಏರಿಳಿತವನ್ನು ಸಮಗೊಳಿಸುವ ಸೌಲಭ್ಯವಿದ್ದಲ್ಲಿ ತೊಂದರೆಯು ಬೇರೊಂದು ರೀತಿಯದು. ಮೆಲ್ಲನೆ ಆರಂಭವಾಗಬೇಕಾದ ಆಲಾಪವು ಮೊದಲಿಗೇ ಗಟ್ಟಿಯಾಗಿ ಕೇಳಿಸುತ್ತದೆ. ಗಾಯಕರು ಉಸಿರು ತೆಗೆದುಕೊಳ್ಳುವ ವಿರಾಮದಲ್ಲಿ ತಂಬೂರಿಯ ಸದ್ದು ಉಬ್ಬಿ ಬರುತ್ತದೆ.

ಕಾರ್ಖಾನೆಯ ಮೋಟಾರು, ಬೇರಿಂಗ್ ಹಾಗೂ ಕಂಪ್ರೆಸರ್‌ಗಳ ಸದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಸವೆದ ಬೇರಿಂಗ್‌ನ ಸದ್ದನ್ನು ಮುದ್ರಿಸಿ ತಜ್ಞರಿಗೆ ಕಳುಹಿಸಿದಾಗ, ಅವರು ಕೇಳಬೇಕಾಗಿದ್ದ ಸದ್ದನ್ನೇ ಗಣಕಯಂತ್ರವು ಅಳಿಸಿರಬಹುದು. ಯಂತ್ರದಲ್ಲಿ ದೋಷವಿಲ್ಲವೆಂಬ ತಪ್ಪು ನಿರ್ಣಯಕ್ಕೆ ಇದು ದಾರಿ ಮಾಡಿಕೊಡುತ್ತದೆ. ಕಾರ್ಮಿಕರ ಸುರಕ್ಷತೆಯ ದೃಷ್ಟಿಯಿಂದ ಈ ಅಂಶವು ಗಂಭೀರವಾದುದು.

5. ಹಳೆಯ ಧ್ವನಿಸುರುಳಿಗಳ ಗಣಕೀಕರಣ

ಧಾರವಾಡದ ಆಕಾಶವಾಣಿ ಕೇಂದ್ರವು 1950ರಲ್ಲಿ ಆರಂಭವಾಯಿತು. ಪಂಡಿತ ಮಲ್ಲಿಕಾರ್ಜುನ ಮನ್ಸೂರ (1910–1992), ಗಂಗೂಬಾಯಿ ಹಾನಗಲ್ಲ (1913–2009), ಪಂಡಿತ ಭೀಮಸೇನ ಜೋಶಿ (1922–2011) ಮೊದಲಾದವರ ಗಾಯನದಿಂದ ಈ ಭಾಗವು ನಾಡಿನಾಚೆಗೂ ಹೆಸರಾಗಿದೆ. ರಸಿಕರು ಸಂಗೀತ ಸಭೆಗಳಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟುಗಳಲ್ಲಿ ಹಲವಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಕಾಲಕ್ರಮದಲ್ಲಿ ಕಾಂತೀಯ ಸುರುಳಿಯು ಶಿಥಿಲಗೊಳ್ಳುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಸುರುಳಿಯು ಒಂದು ಬಾರಿ ಮಾತ್ರ ಸರಿಯಾಗಿ ನುಡಿಯಬಹುದಾದ ಸ್ಥಿತಿಯಲ್ಲಿದ್ದರೆ, ಆ ಒಂದು ಬಾರಿಯ ಗಣಕೀಕರಣವು ದೋಷರಹಿತವಾಗಿರಬೇಕು.

ಇಲ್ಲಿ ಸ್ಯಾಂಪ್ಲಿಂಗ್ ದರದ ತಪ್ಪು ವಿಶೇಷ ಹಾನಿ ಮಾಡುತ್ತದೆ. 44,100 ದರದಲ್ಲಿ ಮುದ್ರಿಸಿದ ಕಡತವನ್ನು ಪರಿವರ್ತಿಸದೆ 48,000 ದರದಲ್ಲಿ ನುಡಿಸಿದಲ್ಲಿ ವೇಗವು ಸುಮಾರು ಶೇಕಡಾ 8.8ರಷ್ಟು ಹೆಚ್ಚುತ್ತದೆ. ಒಂದು ಗಂಟೆಯ ಕಛೇರಿಯು 55 ನಿಮಿಷ 7.5 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಶ್ರುತಿಯು ಹಾರ್ಮೋನಿಯಂನ ಸುಮಾರು ಒಂದೂವರೆ ಮನೆಯಷ್ಟು ಮೇಲೇರುತ್ತದೆ. ಎಂದರೆ, ಕಪ್ಪು ಒಂದರಲ್ಲಿ ಹಾಡಿದ ಗಾಯಕರ ಷಡ್ಜವು ಬಿಳಿ ಎರಡು ಮತ್ತು ಕಪ್ಪು ಎರಡರ ನಡುವೆ ಬಂದು ನಿಲ್ಲುತ್ತದೆ. ರಾಗದ ಸ್ವರೂಪ ಕೆಡದಿರುವುದರಿಂದ ಹೊಸ ಕೇಳುಗರಿಗೆ ದೋಷವು ಗೊತ್ತಾಗದೆ, ಗಾಯಕರ ಕಂಠವೇ ಹಾಗಿತ್ತೆಂಬ ಭಾವನೆ ಉಳಿಯುತ್ತದೆ.

ಸಂಗ್ರಹ ಯೋಗ್ಯ ಧ್ವನಿಮುದ್ರಣಕ್ಕೆ ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘವಾದ ಐಎಎಸ್‌ಎ ಕನಿಷ್ಠ 48,000 ದರ ಮತ್ತು 24-ಬಿಟ್ ಅಳತೆಯನ್ನು ಸೂಚಿಸಿದೆ. 96,000 ದರವನ್ನು ಶಿಫಾರಸು ಮಾಡಿದೆ.

6. ಬಳಕೆದಾರರು ಅನುಸರಿಸಬೇಕಾದ ಕ್ರಮಗಳು

ಉನ್ನತೀಕರಣಕ್ಕೆ ಮುನ್ನ:

1) ಧ್ವನಿ ಉಪಕರಣದ ಹೆಸರು, ಡ್ರೈವರ್ ಆವೃತ್ತಿ, ಸ್ಯಾಂಪ್ಲಿಂಗ್ ದರ ಹಾಗೂ ಚಾಲನೆಯಲ್ಲಿರುವ ಸಂಸ್ಕರಣಾ ಸೌಲಭ್ಯಗಳನ್ನು ಬರೆದಿಟ್ಟುಕೊಳ್ಳಬೇಕು.
2) ಹೊಸ ಆವೃತ್ತಿಗೆ ಹೊಂದುವ ಡ್ರೈವರ್ ಲಭ್ಯವಿದೆಯೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು.
3) ಎರಡು ನಿಮಿಷಗಳ ಪರೀಕ್ಷಾರ್ಥ ಧ್ವನಿಮುದ್ರಣವೊಂದನ್ನು ಮಾಡಿ ಕಾಯ್ದಿರಿಸಬೇಕು.
4) ಗಣಕೀಕರಣದ ಕೆಲಸವು ನಡುವಿನಲ್ಲಿದ್ದರೆ ಅದು ಮುಗಿಯುವವರೆಗೆ ಆ ಗಣಕಯಂತ್ರದ ಉನ್ನತೀಕರಣವನ್ನು ಮುಂದೂಡಿ, ಯಂತ್ರವನ್ನು ಅಂತರ್ಜಾಲ ಸಂಪರ್ಕವಿಲ್ಲದೆ ಬಳಸುವುದು ಸೂಕ್ತ.

ಉನ್ನತೀಕರಣದ ನಂತರ:

1) ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ಎಂಬ ಕ್ರಮದಲ್ಲಿ ಸಾಗಿ ಸಂಬಂಧಿತ ಉಪಕರಣವನ್ನು ಆರಿಸಬೇಕು. ಅಲ್ಲಿ ದರವನ್ನು ಪರಿಶೀಲಿಸಿ, ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಸೌಲಭ್ಯವನ್ನು ಸ್ಥಗಿತಗೊಳಿಸಬೇಕು. ಧ್ವನಿವರ್ಧಕ ಮತ್ತು ಮೈಕ್ರೋಫೋನ್ ಎರಡಕ್ಕೂ ಇದನ್ನು ಪ್ರತ್ಯೇಕವಾಗಿ ಮಾಡಬೇಕು.
2) ಸಭೆ ಅಥವಾ ಪಾಠಕ್ಕೆ ಬಳಸುವ ತಂತ್ರಾಂಶದಲ್ಲಿಯೂ ಗದ್ದಲ ಅಡಗಿಸುವ ಸೌಲಭ್ಯ ಬೇರೆಯಾಗಿರುತ್ತದೆ. ಸಂಗೀತ ಪಾಠ ಹಾಗೂ ಯಂತ್ರದ ಸದ್ದಿನ ಮುದ್ರಣದ ವೇಳೆ ಅದನ್ನೂ ನಿಲ್ಲಿಸಬೇಕು.
3) ಎಲೆಕ್ಟ್ರಾನಿಕ್ ತಂಬೂರಿಯನ್ನು ಎರಡು ನಿಮಿಷ ನುಡಿಸಿ ಮುದ್ರಿಸಬೇಕು. ಆರಂಭದ ಮತ್ತು ಕೊನೆಯ ಧ್ವನಿಮಟ್ಟ ಒಂದೇ ಆಗಿದ್ದಲ್ಲಿ ಗದ್ದಲ ಅಡಗಿಸುವ ಸೌಲಭ್ಯವು ನಿಂತಿದೆ ಎಂದು ತಿಳಿಯಬಹುದು. ಕಾರ್ಖಾನೆಗಳಲ್ಲಿ ಇದೇ ಪರೀಕ್ಷೆಯನ್ನು ಫ್ಯಾನಿನ ಸದ್ದಿನಿಂದ ಮಾಡಬಹುದು.
4) ಕಾಯ್ದಿರಿಸಿದ ಮುದ್ರಣವನ್ನು ಅದೇ ಧ್ವನಿವರ್ಧಕದಲ್ಲಿ, ಅದೇ ಧ್ವನಿಮಟ್ಟದಲ್ಲಿ ಕೇಳಿ ಹೋಲಿಸಬೇಕು. ಸ್ವಲ್ಪ ಗಟ್ಟಿಯಾದ ಧ್ವನಿಯು ಕಿವಿಗೆ ಉತ್ತಮವೆಂದೇ ತೋರುವುದರಿಂದ, ಮಟ್ಟ ಸಮವಿಲ್ಲದ ಹೋಲಿಕೆಯು ತಪ್ಪು ನಿರ್ಣಯ ನೀಡುತ್ತದೆ.
5) ಗಡಿಯಾರದ ಒಂದು ನಿಮಿಷವನ್ನು ಮುದ್ರಿಸಿ, ಮರಳಿ ಕೇಳುವಾಗಲೂ ಅದು ಒಂದು ನಿಮಿಷವೇ ಇದೆಯೇ ಎಂದು ನೋಡಬೇಕು.

7. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಹೊಸ ಆಪರೇಟಿಂಗ್ ಸಿಸ್ಟಂನಿಂದ ಹಳೆಯ ಧ್ವನಿಕಡತದ ಗುಣಮಟ್ಟ ಹೆಚ್ಚುವುದೇ?
ಉತ್ತರ: ಇಲ್ಲ. ಕಡತದಲ್ಲಿ ಇಲ್ಲದ ವಿವರವನ್ನು ಯಾವ ಉನ್ನತೀಕರಣವೂ ಮರಳಿ ತರಲಾರದು. ದರವನ್ನು 44,100ರಿಂದ 96,000ಕ್ಕೆ ಏರಿಸಿದರೂ ಹೊಸ ವಿವರ ಸೇರುವುದಿಲ್ಲ.

ಪ್ರಶ್ನೆ: ಧ್ವನಿಯ ಕಾರಣಕ್ಕಾಗಿ ಬೆಂಬಲವಿಲ್ಲದ ಹಳೆಯ ಆವೃತ್ತಿಯಲ್ಲಿಯೇ ಮುಂದುವರಿಯಬಹುದೇ?
ಉತ್ತರ: ಅಂತರ್ಜಾಲ ಸಂಪರ್ಕವಿರುವ ಗಣಕಯಂತ್ರದಲ್ಲಿ ಇದು ಸುರಕ್ಷಿತವಲ್ಲ. ಹಳೆಯ ಧ್ವನಿ ಉಪಕರಣವು ಅನಿವಾರ್ಯವಾದಲ್ಲಿ, ಸಂಪರ್ಕವಿಲ್ಲದ ಪ್ರತ್ಯೇಕ ಗಣಕಯಂತ್ರವನ್ನು ಆ ಕೆಲಸಕ್ಕೆ ಮೀಸಲಿಡಬೇಕು.

ಪ್ರಶ್ನೆ: ಗಣಕೀಕರಣ ಪೂರ್ಣಗೊಂಡ ನಂತರ ಮೂಲ ಕ್ಯಾಸೆಟ್ಟನ್ನು ವಿಲೇವಾರಿ ಮಾಡಬಹುದೇ?
ಉತ್ತರ: ಕೂಡದು. ಇಂದಿನ ಮುದ್ರಣದಲ್ಲಿ ಗಮನಕ್ಕೆ ಬಾರದ ದೋಷವು ಮುಂದೆ ಬೆಳಕಿಗೆ ಬಂದಾಗ, ತಿದ್ದಿಕೊಳ್ಳಲು ಉಳಿದಿರುವ ಆಧಾರ ಮೂಲ ಸುರುಳಿಯೊಂದೇ.