ಬಣ್ಣ ಮೊದಲು ಬಂದಿದ್ದು ಗೋಡೆ ಮೇಲೆ

ಇವತ್ತಿನ ಕಂತಿನಲ್ಲಿ ಸಿನಿಮಾ ಪೋಸ್ಟರ್ ಬರೆದವರ ವಿಷಯ ಮಾತಾಡೋಣ. ಸುದ್ದಗುಂಟೆಪಾಳ್ಯದ ಕೇಳುಗರಿಗೆ ತಾವರೆಕೆರೆ ಮುಖ್ಯರಸ್ತೆಯ ಲಕ್ಷ್ಮಿ ಥಿಯೇಟರ್ ಗೊತ್ತೇ ಇರುತ್ತೆ. ಇಂಥ ಬಡಾವಣೆ ಟಾಕೀಸುಗಳಿಗೆ ಒಂದು ಕಾಲದಲ್ಲಿ ಟ್ರೇಲರ್ ಅಂದ್ರೆ ಬೀದಿ ಗೋಡೆಗೆ ಅಂಟಿಸಿದ ಪೋಸ್ಟರ್. ಯಾವ ಸಿನಿಮಾ, ಯಾರಿದ್ದಾರೆ, ಅಳಿಸುತ್ತಾ, ಹೊಡೆದಾಟ ಇದೆಯಾ, ಎಲ್ಲಾನೂ ಆ ಒಂದು ಹಾಳೆ ಹೇಳಬೇಕಿತ್ತು.

ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದಿದ್ದು 1934ರಲ್ಲಿ. ಪೂರ್ತಿ ಬಣ್ಣದಲ್ಲಿ ತೆಗೆದ ಮೊದಲ ಕನ್ನಡ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದಿದ್ದು 1964ರಲ್ಲಿ. ಮಧ್ಯೆ ಮೂವತ್ತು ವರ್ಷ. ಅಷ್ಟೂ ಕಾಲ ಪರದೆ ಮೇಲೆ ಕಪ್ಪು ಬಿಳುಪೇ ಹೆಚ್ಚು. ಬಣ್ಣ ಇದ್ದಿದ್ದು ಪೋಸ್ಟರಿನಲ್ಲಿ. 1954ರ ‘ಬೇಡರ ಕಣ್ಣಪ್ಪ’ದ ಕಾಲದಲ್ಲಿ ರಾಣಿಯ ಸೀರೆ ಹಸಿರೋ ಕೆಂಪೋ, ದೇವರ ಮೈ ಯಾವ ನೀಲಿ ಅನ್ನೋದನ್ನ ಕ್ಯಾಮೆರಾ ಹೇಳ್ತಿರಲಿಲ್ಲ. ಕಪ್ಪು ಬಿಳುಪಿನ ಸ್ಟಿಲ್ ಫೋಟೋ ಮುಂದಿಟ್ಟುಕೊಂಡು ಅದನ್ನು ತೀರ್ಮಾನ ಮಾಡ್ತಿದ್ದವನು ಪೋಸ್ಟರ್ ಕಲಾವಿದ. ನಮ್ಮ ಅಜ್ಜ ಅಜ್ಜಿಯರ ನೆನಪಿನಲ್ಲಿ ಆ ಸಿನಿಮಾಗಳಿಗೆ ಬಣ್ಣ ಇದ್ದರೆ, ಅದರಲ್ಲಿ ಸ್ವಲ್ಪವಾದರೂ ಆ ಕೈಗಳಿಂದ ಬಂದಿದ್ದು.

ಈ ಕಲೆ ಎಲ್ಲಿಂದ ಬಂತು? ಒಂದು ಬೇರು ಕಂಪನಿ ನಾಟಕದ ಪರದೆಗಳಲ್ಲಿದೆ. ಅರಮನೆ, ಕಾಡು, ಬೀದಿ ಅಂತ ದೊಡ್ಡ ಬಟ್ಟೆ ಮೇಲೆ ಬರೆದು ಪಳಗಿದ ಕೈಗಳು ಸಿನಿಮಾಕ್ಕೆ ಬಂದವು. ಇನ್ನೊಂದು ಬೇರು ರಾಜಾ ರವಿವರ್ಮನ ಮುದ್ರಣಾಲಯದಿಂದ ಮನೆಮನೆಗೆ ಬಂದ ದೇವರ ಪಟಗಳಲ್ಲಿದೆ. ಮಹಾರಾಷ್ಟ್ರದ ಕಡೆ ಇದಕ್ಕೆ ದಾರಿ ಹಾಕಿದವರು ಕೊಲ್ಹಾಪುರದ ಬಾಬುರಾವ್ ಪೇಂಟರ್. ರಂಗಪರದೆ ಬರೆಯುತ್ತಿದ್ದವರು ಸಿನಿಮಾ ನಿರ್ದೇಶಕರಾದರು, ತಮ್ಮ ಚಿತ್ರಗಳ ಪೋಸ್ಟರನ್ನೂ ತಾವೇ ಬರೆದರು. ‘ಸತಿ ಸುಲೋಚನಾ’ ಚಿತ್ರೀಕರಣ ಆಗಿದ್ದೂ ಕೊಲ್ಹಾಪುರದಲ್ಲೇ.

ಈ ಕ್ಷೇತ್ರದ ದೊಡ್ಡ ಹೆಸರು ನಮ್ಮ ಕರ್ನಾಟಕದ್ದು. ಎಸ್.ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಮೆಟ್ರೋ ಚಿತ್ರಮಂದಿರಕ್ಕೆ ಹಾಲಿವುಡ್ ಚಿತ್ರಗಳ ಷೋಕಾರ್ಡ್ ಬರೆದರು, ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, 1949ರ ರಾಜ್ ಕಪೂರ್ ಚಿತ್ರ ‘ಬರ್ಸಾತ್’ನ ಪೋಸ್ಟರ್ ಬರೆದರು. ಅದೂ ಕಪ್ಪು ಬಿಳುಪಿನ ಚಿತ್ರವೇ. ಆಮೇಲೆ ಪುರಾಣದ ದೊಡ್ಡ ದೊಡ್ಡ ಚಿತ್ರಗಳ ಕಡೆ ಹೊರಳಿ, ಕಲಬುರಗಿಗೆ ವಾಪಸಾದರು. 1993ರಲ್ಲಿ ತೀರಿಕೊಂಡರು. ಕಲಬುರಗಿಯಲ್ಲಿ ಇವತ್ತಿಗೂ ಅವರ ಹೆಸರಿನ ರಂಗಮಂದಿರ ಇದೆ. ಆದರೆ ಇಂಥ ಅದೃಷ್ಟ ಈ ಕಸುಬಿನಲ್ಲಿ ತುಂಬಾ ಕಮ್ಮಿ ಜನಕ್ಕೆ ಸಿಕ್ಕಿದ್ದು.

ಯಾಕೆ ಅಂತ ತಿಳೀಬೇಕಾದ್ರೆ ಕೆಲಸದ ರೀತಿ ನೋಡಬೇಕು. ಕನ್ನಡ ಚಿತ್ರಗಳು ಬಹುಕಾಲ ತಯಾರಾಗ್ತಿದ್ದಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಹಾಗಾಗಿ ಅನೇಕ ಪೋಸ್ಟರುಗಳ ವಿನ್ಯಾಸವೂ ಅಲ್ಲೇ. ತೆಲುಗಿನ ಈಶ್ವರ್ ಅವರಂಥ ವಿನ್ಯಾಸಕಾರರು ದಕ್ಷಿಣದ ಎಲ್ಲಾ ಭಾಷೆಗೂ ದುಡಿದರು. ಬೆಂಗಳೂರಿನ ಕೈಗಳಿಗೆ ಸಿಕ್ಕಿದ್ದು ಬ್ಯಾನರ್ ಮತ್ತು ಕಟೌಟ್. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ರಾಜ್‌ಕುಮಾರ್ ಆಳೆತ್ತರದ ಎಷ್ಟೋ ಪಟ್ಟು ನಿಲ್ಲುತ್ತಿದ್ದರಲ್ಲ, ಅದು.

ಸ್ಟಿಲ್ ಫೋಟೋ ಮೇಲೆ ಚೌಕ ಚೌಕ ಗೆರೆ ಎಳೆಯೋದು, ಬಟ್ಟೆ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಾಕೋದು, ಒಂದೊಂದೇ ಚೌಕ ತುಂಬೋದು. ಹುಡುಗರು ಬ್ರಷ್ ತೊಳೆದು ಹಿನ್ನೆಲೆ ಬಳಿಯೋರು. ಅಕ್ಷರಕ್ಕೆ ಒಬ್ಬರು. ಮುಖ ಮತ್ತು ಕಣ್ಣು ಮಾತ್ರ ಮೇಸ್ತ್ರಿಗೇ. ಹತ್ತಿರ ನಿಂತ್ರೆ ಬರೀ ಗುಲಾಬಿ, ನೀಲಿ ಮಚ್ಚೆ. ರಸ್ತೆಯಾಚೆ ಹೋಗಿ ನೋಡಿದ್ರೆ ಮುಖ. ಸಿನಿಮಾ ಎತ್ತಿದ ಮೇಲೆ ಅದೇ ಬಟ್ಟೆಗೆ ಬಿಳಿ ಬಳಿದು ಮುಂದಿನ ಸಿನಿಮಾ ಬರೆಯೋರು. ಬಟ್ಟೆಗೆ ದುಡ್ಡು ಬೇಕಲ್ಲ! ಹಳೇ ಬ್ಯಾನರ್ ಉಳಿಯದಿರೋದಕ್ಕೆ ಇದೂ ಒಂದು ಕಾರಣ. ಕೆಲಸವೇ ತನ್ನ ಇತಿಹಾಸವನ್ನು ಅಳಿಸಿಕೊಳ್ಳುತ್ತಾ ಹೋಯಿತು.

ಆಮೇಲೆ ಫ್ಲೆಕ್ಸ್ ಬಂತು. ಹಲವು ದಿನದ ಕೆಲಸ ಕೆಲವೇ ಗಂಟೆಗೆ ಇಳಿಯಿತು. ನಿರ್ಮಾಪಕರನ್ನು ದೂರೋ ಹಾಗಿಲ್ಲ, ಅಗ್ಗ ಆಗಿದ್ದನ್ನ ಯಾರು ಬೇಡ ಅಂತಾರೆ? ಗೋಡೆಗೆ ಪೋಸ್ಟರ್ ಅಂಟಿಸೋದಕ್ಕೆ 1981ರ ಅಂದಗೆಡಿಸುವಿಕೆ ತಡೆ ಕಾಯ್ದೆ ಮೊದಲೇ ಅಡ್ಡ ಇತ್ತು. 2009ರ ಸುಮಾರಿಗೆ ಬಿಬಿಎಂಪಿ ಒಂದು ಉಪಾಯ ಮಾಡ್ತು. ಪೋಸ್ಟರ್ ಅಂಟಿಸದೇ ಇರಲಿ ಅಂತ ನಗರದ ಗೋಡೆಗಳ ಮೇಲೆ ಹಂಪಿ, ಜೋಗ, ಯಕ್ಷಗಾನ, ಹುಲಿ ಎಲ್ಲಾ ಬರೆಸಿತು. ಬರೆದವರಲ್ಲಿ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರೂ ಇದ್ದರು. ಪೋಸ್ಟರ್ ಜಗತ್ತಿನಿಂದ ಬಂದವರ ಕೈಯಲ್ಲೇ ಪೋಸ್ಟರಿಗೆ ಬೇಲಿ! ಆ ಚಿತ್ರಗಳನ್ನ ನಕ್ಕು ಆಡಿಕೊಂಡವರೂ ಉಂಟು. ಆದರೆ ನಮ್ಮೂರಲ್ಲಿ ಆ ಕಸುಬಿಗೆ ಸಿಕ್ಕ ಕೊನೆಯ ದೊಡ್ಡ ಕೆಲಸಗಳಲ್ಲಿ ಅದೂ ಒಂದು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಫ್ಲೆಕ್ಸುಗಳನ್ನೂ ಕಿತ್ತರು. ಅಷ್ಟೊತ್ತಿಗೆ ಮತ್ತೆ ಬ್ರಷ್ ಹಿಡಿಯೋ ಕೈಗಳೇ ಕಮ್ಮಿಯಾಗಿದ್ದವು.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪೋಸ್ಟರುಗಳನ್ನು ಕಾಪಾಡ್ತಾ ಇದೆ. ಆದರೆ ಎಲ್ಲವೂ ಅಲ್ಲಿಗೆ ತಲುಪಿರೋದಿಲ್ಲ. ನಿಮ್ಮ ಮನೆ ಅಟ್ಟದಲ್ಲೋ, ಟ್ರಂಕಿನ ತಳದಲ್ಲೋ ಹಳೇ ಸಿನಿಮಾ ಪೋಸ್ಟರ್, ಹಾಡಿನ ಪುಸ್ತಕ ಇದ್ರೆ ಗುಜರಿಗೆ ಹಾಕಬೇಡಿ. ಬಿಡಿಸಿ, ಬೆಳಕಲ್ಲಿ ಒಂದು ಫೋಟೋ ತೆಗೀರಿ. ಕೆಳಗಿನ ಮೂಲೆ ನೋಡಿ. ನಾಯಕನ ಹೆಸರಿಗಿಂತ ಚಿಕ್ಕದಾಗಿ, ಮುದ್ರಣಾಲಯದ ಹೆಸರಿನ ಪಕ್ಕ, ಕಲಾವಿದನ ಸಹಿ ಇರಬಹುದು. ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಜನರ ಮಟ್ಟಿಗೆ ಉಳಿದಿರೋ ದಾಖಲೆ ಅಂದ್ರೆ ಅದೊಂದೇ.

ಮುಂದಿನ ಕಂತಿನಲ್ಲಿ ಸಿಗೋಣ.